ಖಾಲಿ ಕುರ್ಚಿಗಳ ಚಾಂಪಿಯನ್

ಸೆಪ್ಟೆಂಬರ್ 4, ಭಾನುವಾರ

ನಾಗಾಓಕಾದಲ್ಲಿ ಇವತ್ತು ಕುಸ್ತಿಯ ಚಾಂಪಿಯನ್ ಬೆಲ್ಟ್ ಉಳಿಸಿಕೊಂಡೆ. ಮೊಣಕೈ ಊದಿಕೊಂಡಿದೆ, ಭುಜದ ಮೇಲೆ ಎದುರಾಳಿಯ ಹಲ್ಲಿನ ಗುರುತಿದೆ. ಇಷ್ಟಕ್ಕೆಲ್ಲ ಸಿಕ್ಕಿದ್ದು ಚಪ್ಪಾಳೆ. ಮುಖಗವಸು ಹಾಕಿಕೊಂಡು, ನಡುವೆ ಒಂದೊಂದು ಕುರ್ಚಿ ಖಾಲಿ ಬಿಟ್ಟು ಕುಳಿತ ಜನ ಶಾಲೆಯ ವಾರ್ಷಿಕೋತ್ಸವಕ್ಕೆ ಬಂದ ಪೋಷಕರ ಹಾಗೆ ಮರ್ಯಾದೆಯಿಂದ ಕೈ ತಟ್ಟಿದರು. ಕೂಗುವಂತಿಲ್ಲ, ಹೆಸರು ಕರೆಯುವಂತಿಲ್ಲ, ಬಣ್ಣದ ಕಾಗದದ ಸುರುಳಿ ಎಸೆಯುವಂತಿಲ್ಲ. ರೋಗ ಬಂದಾಗ ಮಾಡಿದ ನಿಯಮ ಮೂರನೆಯ ವರ್ಷವೂ ಜಾರಿಯಲ್ಲಿದೆ.

ನಮ್ಮ ಘೋಷಕ ಮುಕಾಯ್ ಎಂದಿನಂತೆ ಬೋ ಟೈ ಕಟ್ಟಿಕೊಂಡು ರಿಂಗಿನ ನಡುವೆ ನಿಂತು, ‘ಉತ್ತರ ಕಡಲ ಪಟ್ಟದ ಎಂಟನೆಯ ಚಾಂಪಿಯನ್, ಒಗಿನೊ ಸುಮಿಕಾ’ ಎಂದು ಮೈಕಿನಲ್ಲಿ ಕೂಗಿದ. ಇಡೀ ಸಭಾಂಗಣದಲ್ಲಿ ಕೂಗಲು ಪರವಾನಗಿ ಇರುವ ಗಂಟಲು ಅವನದೊಂದೇ. ಆಮೇಲೆ ಮತ್ತೆ ಚಪ್ಪಾಳೆ.

ಕೈ ತಟ್ಟುವುದೂ ಒಂದು ಮೆಚ್ಚುಗೆಯೇ? ತಟ್ಟಿದವರು ಯಾರು, ಯಾಕೆ ತಟ್ಟಿದರು, ಒಂದೂ ಗೊತ್ತಾಗುವುದಿಲ್ಲ. ಅಕ್ಕಿ ತೊಳೆಯುವ ಸದ್ದಿಗೂ ಅದಕ್ಕೂ ನನಗೇನೂ ವ್ಯತ್ಯಾಸ ಕಾಣದು.

ಸೆಪ್ಟೆಂಬರ್ 12, ಸೋಮವಾರ

ಇವತ್ತು ತಾಲೀಮು ಮನೆ ಗುಡಿಸುವ ಸರದಿ ನನ್ನದು. ಚಾಂಪಿಯನ್ ಆದರೂ ಪೊರಕೆಗೆ ವಿನಾಯಿತಿ ಇಲ್ಲ. ಅದು ಯಜಮಾನಿ ನೆಗಿಶಿಯ ಕಾನೂನು.

ಗೋಡೆಯ ಮೇಲೆ ಚಾಂಪಿಯನ್ನರ ಮರದ ಹಲಗೆಗಳು ಸಾಲಾಗಿ ತೂಗುತ್ತವೆ. ಪ್ರತಿ ಹಲಗೆಯಲ್ಲಿ ಹೆಸರು, ಕೆಳಗೆ ಜನ ಅವಳಿಗೆಂದೇ ಎಸೆಯುತ್ತಿದ್ದ ಬಣ್ಣದ ಸುರುಳಿಯ ಒಂದು ತುಂಡು. ಮೊದಲನೆಯದು ನೆಗಿಶಿ, ಕೆಂಪು. ಈಗ ಲೆಕ್ಕದ ಕನ್ನಡಕ ಹಾಕಿಕೊಂಡು ನಮ್ಮ ಬಸ್ಸಿನ ಡೀಸೆಲ್ಲಿಗೂ ಚೌಕಾಸಿ ಮಾಡುವ ಹೆಂಗಸು ಅಂದು ಮೂಗಿನ ಮೂಳೆ ಮುರಿದುಕೊಂಡೇ ಬೆಲ್ಟ್ ಗೆದ್ದಳಂತೆ. ಎರಡನೆಯವಳು ಹಳದಿ, ಅವಳನ್ನು ಸೋಲಿಸುವವರೇ ಸಿಗದೆ ಜನಕ್ಕೆ ಬೇಸರ ಬಂದಿತ್ತಂತೆ. ಮೂರನೆಯವಳು ಬಿಳಿ ಮುಖವಾಡದವಳು. ಅವಳ ಮುಖವನ್ನು ಯಜಮಾನಿಯ ಹೊರತು ಇನ್ನೊಬ್ಬರು ಕಂಡಿಲ್ಲ, ಕೇಳಿದರೆ ಯಜಮಾನಿ ಸೂಪು ಕಲಕುತ್ತಾಳೆ. ನಾಲ್ಕನೆಯವಳು, ಹಸಿರು, ಬೆಲ್ಟ್ ಗೆದ್ದ ವಾರದಲ್ಲೇ ಬಸ್ಸಿನ ಡ್ರೈವರನ ಜೊತೆ ಓಡಿಹೋದಳು. ಬೆಲ್ಟ್ ಪಾರ್ಸಲಿನಲ್ಲಿ ವಾಪಸ್ ಬಂತು, ಜೊತೆಗೆ ಮದುವೆಯ ಸಿಹಿ. ಐದು ಆಕಾಶ ನೀಲಿ, ಆರು ಕಿತ್ತಳೆ, ಏಳನೆಯದು ಹಯಾಸೆ ತಮಾಕಿ ಅಕ್ಕನ ನೇರಳೆ.

ಎಂಟನೆಯ ಹಲಗೆಯಲ್ಲಿ ನನ್ನ ಹೆಸರಿದೆ, ಬಣ್ಣವಿಲ್ಲ. ತಮಾಕಿ ಅಕ್ಕ ಮೊಣಕಾಲು ಹರಿದುಕೊಂಡು ಬೆಲ್ಟ್ ವಾಪಸ್ ಕೊಟ್ಟಾಗ ತುಂಬಿದ ಸಭಾಂಗಣ ಅತ್ತಿತ್ತು, ನೇರಳೆ ಕಾಗದದಲ್ಲಿ ರಿಂಗೇ ಮುಚ್ಚಿಹೋಗಿತ್ತು. ಎರಡು ತಿಂಗಳ ಮೇಲೆ, ರೋಗ ಬಂದು ಸಭಾಂಗಣಗಳು ಮುಚ್ಚಿದ್ದಾಗ, ಆ ಖಾಲಿ ಪಟ್ಟಕ್ಕೆ ನಾನು ಹೋರಾಡಿ ಗೆದ್ದದ್ದು ಕ್ಯಾಮೆರಾ ಮುಂದೆ, ಮಡಚಿಟ್ಟ ಕುರ್ಚಿಗಳ ಎದುರು. ಮುಕಾಯ್ ಆ ಕುರ್ಚಿಗಳಿಗೇ ತಲೆಬಾಗಿ ನನ್ನ ಹೆಸರು ಹೇಳಿದ. ಆಮೇಲೆ ಅಂತರ್ಜಾಲದಲ್ಲಿ ಯಾರೋ ನನಗೆ ‘ಖಾಲಿ ಕುರ್ಚಿಗಳ ಚಾಂಪಿಯನ್’ ಎಂದು ಹೆಸರಿಟ್ಟರು, ಅದು ಅಂಟಿಕೊಂಡಿತು.

ತಮಾಕಿ ಅಕ್ಕ ಸೋತು ಬೆಲ್ಟ್ ಬಿಟ್ಟವಳಲ್ಲ. ಹಾಗಾದರೆ ನಾನು ಯಾರನ್ನು ಗೆದ್ದೆ?

ಸೆಪ್ಟೆಂಬರ್ 30, ಶುಕ್ರವಾರ

ಸುದ್ದಿ. ಜನವರಿ ಎಂಟರಂದು ನೀಗಾತಾ ನಗರದ ದೊಡ್ಡ ಸಭಾಂಗಣದಲ್ಲಿ ಕೂಗಲು ಅನುಮತಿ ಸಿಕ್ಕಿದೆ. ಸುರುಳಿಗೂ ಸಿಕ್ಕಿದೆ. ಯಜಮಾನಿ ಅನ್ನದ ಬಟ್ಟಲು ಕೆಳಗಿಟ್ಟು ಇದನ್ನು ಹೇಳಿದಾಗ ಹುಡುಗಿಯರೆಲ್ಲ ಎದ್ದು ಕುಣಿದರು, ಚಾಂಕೊ ಸಾರಿನ ಪಾತ್ರೆ ಉರುಳುವುದೊಂದು ಬಾಕಿ ಇತ್ತು.

ಮುಖ್ಯ ಕುಸ್ತಿ ನನ್ನದೇ, ಪಟ್ಟಕ್ಕಾಗಿ. ಎದುರಾಳಿ ತಮಾಕಿ ಅಕ್ಕ. ಮೊಣಕಾಲು ವಾಸಿಯಾಗಿದೆಯಂತೆ.

ನಾನು ಎರಡು ಬಟ್ಟಲು ಹೆಚ್ಚಿಗೆ ಉಂಡೆ. ಭಯವಾದರೆ ನನಗೆ ಹಸಿವು ಜಾಸ್ತಿ.

ಅಕ್ಟೋಬರ್ 9, ಭಾನುವಾರ

ಪತ್ರಕರ್ತರ ಮುಂದೆ ನಮ್ಮಿಬ್ಬರನ್ನೂ ಕೂರಿಸಿದರು. ನಾನು ಬೆಲ್ಟನ್ನು ಮೇಜಿನ ಮೇಲೆ ನನ್ನ ಕಡೆಗೇ ಸರಿಸಿಕೊಂಡು ಕುಳಿತಿದ್ದೆ. ತಮಾಕಿ ಅಕ್ಕ ಅದನ್ನು ನೋಡಿ ನಕ್ಕಳು. ಅವಳ ನಗು ಮೊದಲಿನಿಂದಲೂ ಹಾಗೆ, ಎದುರಿದ್ದವರಿಗೆ ತಮ್ಮ ಬಟ್ಟೆ ಹರಿದಿದೆಯೇನೋ ಅನ್ನಿಸಬೇಕು.

“ನಾನು ಬೆಲ್ಟ್ ಸೋತಿಲ್ಲ ಕಣೇ ಸುಮಿಕಾ. ಕೆಳಗಿಟ್ಟಿದ್ದೆ ಅಷ್ಟೆ. ಮಳೆ ಬಂತು ಅಂತ ನೀನು ಎತ್ತಿ ಒಳಗಿಟ್ಟುಕೊಂಡೆ, ಒಳ್ಳೇದಾಯ್ತು. ಈಗ ಬಿಸಿಲು ಬಂದಿದೆ, ಕೊಟ್ಬಿಡು.”

ಪತ್ರಕರ್ತರು ಬಿದ್ದು ಬಿದ್ದು ನಕ್ಕರು. ನನಗೆ ಉತ್ತರ ಹೊಳೆದದ್ದು ಮನೆಗೆ ಬಂದು ಪಾತ್ರೆ ತೊಳೆಯುವಾಗ, ಅದೂ ಅಷ್ಟೇನೂ ಚೆನ್ನಾಗಿರಲಿಲ್ಲ.

ಅಕ್ಟೋಬರ್ 20, ಗುರುವಾರ

ಮುಕಾಯ್ ಬಂದು ಬಣ್ಣ ಕೇಳಿದ. ಜಾಹೀರಾತಿನಲ್ಲಿ ಹಾಕಬೇಕಂತೆ: ಹಯಾಸೆ ತಮಾಕಿ, ನೇರಳೆ, ಒಗಿನೊ ಸುಮಿಕಾ, ಏನು? ಯೋಚಿಸಿ ಹೇಳುತ್ತೇನೆ ಎಂದೆ. ಮೂರು ವರ್ಷದಿಂದ ಯೋಚಿಸುತ್ತಲೇ ಇದ್ದೀಯಾ ಎಂದು ಗೊಣಗಿಕೊಂಡು ಹೋದ.

ನಿಜ ಇಲ್ಲಿಯಾದರೂ ಬರೆಯುತ್ತೇನೆ. ಬಣ್ಣ ಹೇಳಿದ ಮೇಲೆ ಅವತ್ತು ಆ ಬಣ್ಣದ ಒಂದೇ ಒಂದು ಸುರುಳಿ ಬಿದ್ದರೆ? ಒಂದೂ ಬೀಳದಿದ್ದರೆ? ಬಣ್ಣವೇ ಇಲ್ಲದವಳ ಮೇಲೆ ಏನೂ ಬೀಳದಿದ್ದರೆ ಅದು ಅವಮಾನವಲ್ಲ. ಕುಸ್ತಿಯಲ್ಲಿ ಏನೇನನ್ನು ಮೊದಲೇ ಮಾತಾಡಿಕೊಳ್ಳುತ್ತೀರಿ ಎಂದು ಹೊರಗಿನವರು ಕಣ್ಣು ಮಿಟುಕಿಸಿ ಕೇಳುತ್ತಾರೆ. ಆ ವಿಷಯ ನಾವು ಬಾಯಿ ಬಿಡುವುದಿಲ್ಲ, ನಾನು ಈ ಪುಸ್ತಕದಲ್ಲೂ ಬರೆಯುವುದಿಲ್ಲ. ಆದರೆ ಜನರ ಗಂಟಲು ಮಾತ್ರ ಯಾರ ಹಿಡಿತದಲ್ಲೂ ಇಲ್ಲ, ಯಜಮಾನಿಯ ಹಿಡಿತದಲ್ಲೂ ಇಲ್ಲ.

ನನಗೆ ಬೇಕಾದದ್ದು ಇಷ್ಟೆ. ಆ ದಿನದವರೆಗೆ ಬೆಲ್ಟ್ ನನ್ನ ಸೊಂಟದ ಮೇಲಿರಬೇಕು, ಜನ ನನ್ನ ಹೆಸರು ಕೂಗುವುದನ್ನು ಒಂದು ಸಲ ಕೇಳಬೇಕು. ಆಗ ನಾನು ಎಂಟನೆಯವಳು. ಇಲ್ಲದಿದ್ದರೆ ಏಳನೆಯವಳ ಸಾಮಾನು ಕಾಯ್ದವಳು.

ನವೆಂಬರ್ 3, ಗುರುವಾರ

ಸಾಂಜೋದಲ್ಲಿ ಕುಸ್ತಿ. ಚಿಕ್ಕ ಕೋಣೆ, ಸದ್ದೇ ಇಲ್ಲ. ಎದುರಾಳಿ ಬೆನ್ನ ಹಿಂದೆ ಬಂದರೆ ಅವಳ ಪಾದದ ಸದ್ದಿನಲ್ಲೇ ಗೊತ್ತಾಗುತ್ತದೆ. ಈ ಮೂರು ವರ್ಷದಲ್ಲಿ ಕಿವಿ ಅಷ್ಟು ಚುರುಕಾಗಿದೆ. ಲಾಭ ಅಂದರೆ ಇದೊಂದೇ.

ಬಲಗಡೆ ಮೂರನೆಯ ಸಾಲಿನಲ್ಲಿ ಯಾರೋ ಒಬ್ಬರು ವಿಪರೀತ ಗಟ್ಟಿಯಾಗಿ ಕೈ ತಟ್ಟುತ್ತಾರೆ. ಒದ್ದೆ ಹಲಗೆಗೆ ಹಲಗೆ ಬಡಿದ ಹಾಗೆ. ನಾಗಾಓಕಾದಲ್ಲೂ ಇತ್ತು ಆ ಸದ್ದು.

ನವೆಂಬರ್ 11, ಶುಕ್ರವಾರ

ಗಟ್ಟಿ ಚಪ್ಪಾಳೆಯ ಮನುಷ್ಯ ಸಿಕ್ಕ. ತಾಲೀಮು ಮನೆಗೆ ತೋಫು ತಂದುಹಾಕುವ ಇಗರಾಶಿ-ಸಾನ್! ಅರವತ್ತು ದಾಟಿದವರು, ಇಷ್ಟು ವರ್ಷ ಹಿತ್ತಿಲ ಬಾಗಿಲಲ್ಲಿ ಬಕೆಟ್ ಇಟ್ಟು ಹೋಗುತ್ತಿದ್ದರು, ನಾನು ಮುಖ ನೋಡಿರಲಿಲ್ಲ. ಇವತ್ತು ಬಕೆಟ್ ಕೆಳಗಿಟ್ಟು ಅಂಗೈ ತಟ್ಟಿ ಒರೆಸಿಕೊಂಡಾಗ ಆ ಸದ್ದಿನ ಗುರುತು ಹತ್ತಿತು. ಜೀವನವಿಡೀ ತಣ್ಣೀರಿನಲ್ಲಿ ಅದ್ದಿ ಅದ್ದಿ ಅಗಲವಾದ ಕೈಗಳು.

ನಾನು ಅಡಿಗೆಮನೆಯಲ್ಲಿ ಮೂಲಂಗಿ ತುರಿಯುತ್ತಿದ್ದೆ. ಜಾಹೀರಾತಿನಲ್ಲಿ ನನ್ನ ಬಣ್ಣವೇ ಇಲ್ಲವಲ್ಲ ಎಂದು ಅವರು ಹಿಂಜರಿಯುತ್ತಲೇ ಕೇಳಿದರು. ನಮ್ಮ ಕಡೆಯವರು ಹನ್ನೊಂದು ಜನ ಬರುತ್ತೇವೆ, ಸುರುಳಿ ತರಬೇಕು, ತಾಗಿದರೆ ನೋಯದಂತೆ ಮೊದಲೇ ಒಳಗಿನ ರಟ್ಟು ತೆಗೆದು ಮೆತ್ತಗೆ ಮಾಡಿಡಬೇಕು, ಯಾವ ಬಣ್ಣ? ಮುಕಾಯ್ ಒಂದು ಕಡೆ, ಇವರು ಒಂದು ಕಡೆ. ನನಗೆ ರೇಗಿತು.

“ಯಾವ ಬಣ್ಣ ಆದ್ರೂ ಆಗುತ್ತೆ ಇಗರಾಶಿ-ಸಾನ್. ನಂಗೇನೂ ವ್ಯತ್ಯಾಸ ಇಲ್ಲ.”

“ಹಂಗಾ? ಯಾವ್ದಾದ್ರೂ?” ಎಂದು ಒಂದು ಸಲ ಕೇಳಿ, ತಲೆಬಾಗಿ, ಖಾಲಿ ಬಕೆಟ್ ಎತ್ತಿಕೊಂಡು ಹೋದರು. ಅವರ ಮುಖ ಸಪ್ಪಗಾಯಿತೋ ಏನೋ, ಮುಖಗವಸಿನ ಒಳಗೆ ಕಾಣಲಿಲ್ಲ. ಹನ್ನೊಂದು ಜನ ಅಂದರೆ ಯಾರು ಯಾರು ಎಂದು ಕೇಳಬಹುದಿತ್ತು.

ನವೆಂಬರ್ 27, ಭಾನುವಾರ

ಕುಸ್ತಿ ಪತ್ರಿಕೆಯೊಂದು ಓದುಗರನ್ನು ಕೇಳಿದೆ, ಜನವರಿಯಲ್ಲಿ ಯಾರು ಗೆಲ್ಲಬೇಕು ಎಂದು. ಹತ್ತರಲ್ಲಿ ಎಂಟು ಜನ ತಮಾಕಿ. ನಾನು ಓದಬಾರದಿತ್ತು.

ಡಿಸೆಂಬರ್ 2

ಏನೂ ಇಲ್ಲ. ಹಿಮ.

ಡಿಸೆಂಬರ್ 11, ಭಾನುವಾರ

ಮುರಾಕಾಮಿಯಲ್ಲಿ ಕೊನೆಯ ಪರೀಕ್ಷೆ. ಒಸಾಕಾದಿಂದ ಬಂದ ದಡೂತಿ ಹೆಂಗಸು ಬೆಲ್ಟಿಗಾಗಿ ಸವಾಲು ಹಾಕಿದ್ದಳು. ಇವತ್ತು ಸೋತಿದ್ದರೆ ಜನವರಿ ಎಂಟು ಅವಳ ಪಾಲಾಗುತ್ತಿತ್ತು, ನಾನು ಕುರ್ಚಿ ಜೋಡಿಸಬೇಕಾಗುತ್ತಿತ್ತು.

ಅವಳು ನನ್ನನ್ನು ಹಗ್ಗದ ಮೇಲಿಂದ ಹೊರಗೆಸೆದಳು. ಬೆನ್ನು ನೆಲಕ್ಕೆ ಬಡಿದು ಉಸಿರು ನಿಂತೇಹೋಯಿತು. ರೆಫರಿ ಎಣಿಸಲು ಶುರುಮಾಡಿದ. ಇಪ್ಪತ್ತು ಆಗುವಷ್ಟರಲ್ಲಿ ಒಳಗೆ ಹೋಗದಿದ್ದರೆ ಮುಗಿಯಿತು. ಆಗ ಆ ಒದ್ದೆ ಹಲಗೆಯ ಚಪ್ಪಾಳೆ ಕೇಳಿಸಿತು. ಮೂರು, ಮೂರು, ಏಳು. ಶಾಲೆಯ ಆಟದ ದಿನ ಎಲ್ಲರೂ ತಟ್ಟುತ್ತೇವಲ್ಲ, ಅದೇ ತಾಳ. ಅದರ ಹಿಂದೆ ಇನ್ನೊಂದು, ಕೈಗವಸು ತೆಗೆಯದೆ ತಟ್ಟುವುದು, ಹಾಸಿಗೆ ಕೊಡವಿದ ಹಾಗೆ ಮೆತ್ತಗೆ. ಅದು ಆಸ್ಪತ್ರೆಯ ನರ್ಸ್, ಆ ಹನ್ನೊಂದು ಜನ ಯಾರೆಂದು ಆಮೇಲೊಂದು ದಿನ ಇಗರಾಶಿ-ಸಾನ್ ಹತ್ತಿರ ಕೇಳಿದ್ದೆ. ಇನ್ನೊಂದು ಯಾವಾಗಲೂ ಅರ್ಧ ತಾಳ ತಡ. ಅವರು ಗಣಿತದ ಮೇಷ್ಟ್ರು, ಹೆಸರು ತಿಳಿದುಕೊಳ್ಳಬೇಕು. ರಿಂಗಿನ ಆಚೆಯಿಂದ ಬರುವುದು ಇಬ್ಬರು ಅಕ್ಕತಂಗಿಯರದು, ಒಂದೇ ಸಲಕ್ಕೆ ಬೀಳುತ್ತದೆ. ನಾನು ಅವರ ತಾಳಕ್ಕೆ ಉಸಿರೆಳೆದುಕೊಂಡು ಎದ್ದೆ.

ಒಳಗೆ ಹೋಗಿ ಆ ಹೆಂಗಸನ್ನು ಹಿಂದಕ್ಕೆ ಎತ್ತಿ ಹಾಕಿದೆ. ರೆಫರಿ ಮೂರು ಎಣಿಸುವವರೆಗೆ ಅವಳ ಭುಜಗಳನ್ನು ನೆಲಕ್ಕೆ ಒತ್ತಿಹಿಡಿದೆ. ಬೆಲ್ಟ್ ನನ್ನ ಹತ್ತಿರವೇ ಇದೆ. ಹೊರಗೆ ಸೂರಿನ ಕೆಳಗೆ ಮೀನು ಒಣಗಲು ತೂಗುಹಾಕಿದ್ದರು, ಅದನ್ನೂ ತಬ್ಬಿಕೊಳ್ಳಬೇಕು ಅನ್ನಿಸಿತು.

ಡಿಸೆಂಬರ್ 28, ಬುಧವಾರ

ಹೊಸ ವರ್ಷದ ಉಂಡೆಗೆ ಬೆಂದ ಅಕ್ಕಿ ಕುಟ್ಟುವ ದಿನ. ಯಜಮಾನಿ ಒರಳಿನ ಪಕ್ಕ ನಿಂತು ಎಲ್ಲರಿಗೂ ಬೈಯುತ್ತಿದ್ದಳು. ನನ್ನ ಸರದಿ ಬಂದಾಗ ಮೆಲ್ಲಗೆ ಕೇಳಿದಳು, ಬಣ್ಣ ಹೇಳುವುದಿಲ್ಲವಾ ಎಂದು. ನಾನು ಒನಕೆ ಎತ್ತಿ ಕುಟ್ಟತೊಡಗಿದೆ.

“ನಾನು ಮೊದಲ್ನೇ ಚಾಂಪಿಯನ್ ಆದಾಗ ನಂಗೂ ಯಾರೂ ಎಸೀಲಿಲ್ಲ ಕಣೆ. ನಮ್ಮ ಹಿಂದಿನಿಂದ ಇನ್ನೊಬ್ಳು ಬಂದ್ರೆ ತಾನೆ ಜನಕ್ಕೆ ಇದೊಂದು ಸಾಲು ಅಂತ ಗೊತ್ತಾಗೋದು? ಎರಡನೇವ್ಳು ನನ್ನ ಸೋಲಿಸಿದ್ಲು ನೋಡು, ಅವತ್ತು ನಾನು ಮೊದಲ್ನೇವ್ಳು ಆದೆ.”

ಇಷ್ಟು ಹೇಳಿ, ಹಿಟ್ಟು ಗಂಟಾಗುತ್ತಿದೆ ಎಂದು ಮತ್ತೆ ಬೈದಳು.

ಜನವರಿ 7, ಶನಿವಾರ

ನಾಳೆ. ಬೆಲ್ಟಿನ ಹಿತ್ತಾಳೆ ಉಜ್ಜಿದೆ. ಮೂರು ಬಟ್ಟಲು ಉಂಡೆ.

ನರ್ಸಿಗೆ ರಜೆ ಸಿಕ್ಕಿತೋ ಇಲ್ಲವೋ.

ಜನವರಿ 8, ಭಾನುವಾರ

ಎಲ್ಲಿಂದ ಬರೆಯಲಿ? ಬಸ್ಸಿನಲ್ಲಿ ಕುಳಿತು ಬರೆಯುತ್ತಿದ್ದೇನೆ, ಹಿಂದಿನ ಸೀಟಿನಲ್ಲಿ ಹುಡುಗಿಯರು ಹಾಡುತ್ತಿದ್ದಾರೆ, ಇವತ್ತು ಯಜಮಾನಿ ಬೈಯುತ್ತಿಲ್ಲ.

ಮೊದಲು ತಮಾಕಿ ಅಕ್ಕ ಬಂದಳು. ಕೂಗು ಅಂದರೆ ಏನೆಂದು ನಾನು ಮರೆತೇಬಿಟ್ಟಿದ್ದೆ. ಪರದೆಯ ಹಿಂದೆ ನಿಂತಿದ್ದವಳಿಗೆ ಎದೆಗೆ ಯಾರೋ ಗುದ್ದಿದಂತಾಯಿತು. ತಮಾಕಿ, ತಮಾಕಿ, ತಮಾಕಿ. ಆಮೇಲೆ ನಾನು ನಡೆದೆ. ನನಗೂ ಕೂಗಿದರು, ಇಲ್ಲವೆನ್ನುವುದಿಲ್ಲ, ಆದರೆ ಅದು ಅತಿಥಿಗೆ ಮಾಡುವ ಉಪಚಾರ.

ಮುಕಾಯ್ ರಿಂಗಿನ ನಡುವೆ ಬಂದ. ಸವಾಲು ಹಾಕಿದವಳ ಹೆಸರು ಮೊದಲು. ‘ಏಳನೆಯ ಚಾಂಪಿಯನ್, ಹಯಾಸೆ ತಮಾಕಿ’ ಅನ್ನುತ್ತಲೇ ನಾಲ್ಕೂ ಕಡೆಯಿಂದ ನೇರಳೆ ಸುರುಳಿ ಬಿಚ್ಚಿಕೊಂಡು ಹಾರಿ ಬಂದು ಹಗ್ಗದ ಮೇಲೆಲ್ಲ ಬಿದ್ದವು. ಅವಳು ಕಾಗದದಲ್ಲಿ ಮೊಣಕಾಲವರೆಗೆ ಹುಗಿದುಹೋಗಿ ಎರಡೂ ಕೈ ಎತ್ತಿ ನಿಂತಳು. ಹುಡುಗಿಯರು ಓಡಿಬಂದು ಅದನ್ನೆಲ್ಲ ಬಾಚಿ ಹೊರಗೆ ಹಾಕಿದರು.

‘ಎಂಟನೆಯ ಚಾಂಪಿಯನ್,’ ಎಂದು ಮುಕಾಯ್ ಎಳೆದ. ನನ್ನ ಹೆಸರು ಹೇಳಿದ. ನಾನು ನೆಲ ನೋಡಿಕೊಂಡು ಬೆಲ್ಟ್ ಎತ್ತಿದೆ.

ಮೊದಲು ಏನೂ ಆಗಲಿಲ್ಲ. ಆಮೇಲೆ ಒಂದು ಕೆಂಪು ಸುರುಳಿ ಬಂದು ಕಾಲ ಹತ್ತಿರ ಬಿತ್ತು. ಕೆಂಪು ಎಲ್ಲಿ, ಬಿಸಿಲಿಗೆ ಸಿಕ್ಕು ಗುಲಾಬಿಯಾದದ್ದು. ಅದರ ಹಿಂದೆ ಹಳದಿ. ಬಿಳಿ. ತಲೆ ಎತ್ತಿದರೆ ದೀಪಗಳೇ ಕಾಣದಷ್ಟು ಕಾಗದ. ಹಸಿರು, ಆಕಾಶ ನೀಲಿ, ಕಿತ್ತಳೆ, ಕೊನೆಗೆ ನೇರಳೆ ಕೂಡ. ಹಗ್ಗ ಕಾಣದಾಯಿತು, ರೆಫರಿ ಕಾಣದಾದ, ಮುಕಾಯ್‌ನ ಬೋ ಟೈಗೆ ಒಂದು ಹಸಿರು ಸುರುಳಿ ಸುತ್ತಿಕೊಂಡು ಅವನು ಮೈಕು ಹಿಡಿದವನು ಹಿಡಿದ ಹಾಗೇ ನಿಂತುಬಿಟ್ಟ. ಯಾವ ಬಣ್ಣ ಆದರೂ ಆಗುತ್ತದಂತೆ ಎಂದು ಇಗರಾಶಿ-ಸಾನ್ ಊರೂರಿಗೆ ಹೇಳಿದ್ದರಂತೆ. ಅದನ್ನು ಜನ ಹಾಗೇ ನಂಬಿ, ಪೆಟ್ಟಿಗೆಯ ತಳದಲ್ಲಿ, ದೇವರ ಗೂಡಿನ ಹಿಂದೆ ಉಳಿದಿದ್ದ ಹಳೆಯ ಸುರುಳಿಗಳನ್ನೆಲ್ಲ ಹುಡುಕಿ ತಂದಿದ್ದರು. ಮುನಿಸಿನಲ್ಲಿ ಆಡಿದ ಮಾತು ನನ್ನದು. ಅಲ್ಲಿ, ಎಲ್ಲರ ಎದುರು, ಕುಸ್ತಿ ಶುರುವಾಗುವ ಮೊದಲೇ ನಾನು ಅತ್ತೆ.

“ಅಳೋದೆಲ್ಲ ಸೋತ ಮೇಲೆ ಇಟ್ಕೋ,” ಎಂದಳು ತಮಾಕಿ ಅಕ್ಕ. ಅವಳ ಕಣ್ಣೂ ಒದ್ದೆಯಾಗಿತ್ತು.

ಗಂಟೆ ಹೊಡೆಯಿತು. ಶುರುವಿನಲ್ಲೇ ನಾನು ಮಾಡಬಾರದ ತಪ್ಪು ಮಾಡಿದೆ. ಮೂರು ವರ್ಷ ಸದ್ದಿಲ್ಲದ ರಿಂಗಿನಲ್ಲಿ ಕಿವಿಯನ್ನು ನಂಬಿ ಆಡಿದವಳು, ಇವತ್ತೂ ಅವಳ ಹೆಜ್ಜೆ ಕೇಳಿಸುತ್ತದೆಂದು ಬೆನ್ನು ತಿರುಗಿಸಿದೆ. ಆ ಗದ್ದಲದಲ್ಲಿ ಆನೆ ಬಂದರೂ ಕೇಳಿಸುತ್ತಿರಲಿಲ್ಲ. ಅವಳು ಹಿಂದಿನಿಂದ ಬಂದು ಕೆಡವಿದಳು, ನನ್ನ ಎರಡೂ ಕಾಲನ್ನು ತನ್ನ ಕಾಲಿಗೆ ಹೆಣೆದು ಹಿಂದಕ್ಕೆ ಬಾಗಿದಳು. ಅದೇ ಅವಳ ಪಟ್ಟು, ಅದರಿಂದಲೇ ಆರನೆಯವಳನ್ನು ಮುಗಿಸಿದ್ದಳು. ಹಗ್ಗ ಮುಟ್ಟಿದರೆ ಅವಳು ಪಟ್ಟು ಬಿಡಲೇಬೇಕು, ಅದು ಎರಡು ಮಾರು ದೂರದಲ್ಲಿತ್ತು. ಸೋಲು ಒಪ್ಪಿಕೊಳ್ಳುತ್ತೀಯಾ ಎಂದು ರೆಫರಿ ಕಿವಿಯ ಹತ್ತಿರವೇ ಬಾಯಿ ತಂದು ಕೇಳುತ್ತಿದ್ದ.

ಆಗ ಎಲ್ಲ ಕೂಗಿನ ಅಡಿಯಲ್ಲಿ ಅದು ಕೇಳಿಸಿತು. ಮೂರು, ಮೂರು, ಏಳು. ಒದ್ದೆ ಹಲಗೆ. ಕೂಗಲು ಅನುಮತಿ ಇರುವ ದಿನ ಕೂಡ ಆ ಮನುಷ್ಯ ಕೈ ತಟ್ಟುತ್ತಿದ್ದರು. ಹಿಂದೆಯೇ ಮೆತ್ತನೆಯದು. ಅರ್ಧ ತಾಳ ತಡವಾಗಿ ಮೇಷ್ಟ್ರು. ಅಕ್ಕತಂಗಿಯರು. ಸಾಂಜೋದವರು, ಮುರಾಕಾಮಿಯವರು, ಮೂರು ವರ್ಷ ಬಾಯಿ ಮುಚ್ಚಿಕೊಂಡು ಬಂದು ಕೂತವರೆಲ್ಲ. ಆ ತಾಳ ಸಭಾಂಗಣಕ್ಕೆಲ್ಲ ಹರಡಿತು, ತಮಾಕಿ ಎನ್ನುತ್ತಿದ್ದವರು ಕೂಡ ತಟ್ಟತೊಡಗಿದರು. ಏಳಕ್ಕೊಮ್ಮೆ ಒಂದು ಗೇಣು ತೆವಳಿದೆ. ಹಗ್ಗ ಕೈಗೆ ಸಿಕ್ಕಿತು.

ಮಿಕ್ಕಿದ್ದು ನನಗೆ ತುಂಡು ತುಂಡಾಗಿ ನೆನಪಿದೆ. ಎದೆಗೆ ಎದೆ ಕೊಟ್ಟು ಒಬ್ಬರ ಕೆನ್ನೆಗೊಬ್ಬರು ಬಾರಿಸಿದೆವು. ಕೊನೆಗೆ ಅವಳ ಸೊಂಟ ಹಿಡಿದು ಹಿಂದಕ್ಕೆ ಎತ್ತಿದೆ, ಸೇತುವೆಯಂತೆ ಬಾಗಿ ನಿಂತೆ, ಕುತ್ತಿಗೆ ಮುರಿದರೂ ಬಿಡುವುದಿಲ್ಲ ಎಂದುಕೊಂಡೆ. ಒಂದು, ಎರಡು, ಮೂರು.

ತಮಾಕಿ ಅಕ್ಕ ರೆಫರಿಯ ಕೈಯಿಂದ ಬೆಲ್ಟ್ ಕಿತ್ತುಕೊಂಡಳು. ನನ್ನ ಸೊಂಟಕ್ಕೆ ತಾನೇ ಸುತ್ತಿ, ಗುಂಡಿ ಹಾಕುತ್ತ, ನನಗಷ್ಟೇ ಕೇಳುವ ಹಾಗೆ ಹೇಳಿದಳು.

“ಈಗ ಸೋತೆ ನೋಡು. ಮೂರು ವರ್ಷದಿಂದ ಇದು ನಂದೇ ಅಂದ್ಕೊಂಡು ಮಲಗ್ತಿದ್ದೆ. ಎಂಟನೇವ್ಳು ನೀನೇ. ನಾನೀಗ ಏಳನೇವ್ಳು.”

ನಾನು ಗೆದ್ದೆ. ದೊಡ್ಡ ಅಕ್ಷರದಲ್ಲಿ ಬರೆಯುತ್ತಿದ್ದೇನೆ, ಬಸ್ಸು ಕುಲುಕಿ ಸೊಟ್ಟಗಾಗಿದೆ, ಆಗಲಿ. ಗೆದ್ದೆ.

ಜನವರಿ 9, ಸೋಮವಾರ

ಯಜಮಾನಿ ಬೆಳಿಗ್ಗೆಯೇ ಎಂಟನೆಯ ಹಲಗೆ ಕೆಳಗಿಳಿಸಿ, ಅಂಟಿನ ಡಬ್ಬಿ ಮುಂದಿಟ್ಟು ಕುಳಿತಿದ್ದಳು. ಯಾವ ಬಣ್ಣ ಅಂಟಿಸೋಣ ಎಂದಳು. ನಿನ್ನೆ ಹುಡುಗಿಯರು ಗುಡಿಸಿ ಚೀಲಕ್ಕೆ ತುಂಬಿದ್ದನ್ನು ನಾನು ಚಾಪೆಯ ಮೇಲೆ ಸುರಿದೆ. ಅವಳು ಅದರಲ್ಲಿ ಕೈಯಾಡಿಸಿ, ಬಣ್ಣಗೆಟ್ಟ ಆ ಕೆಂಪು ಸುರುಳಿಯನ್ನು ಎತ್ತಿಕೊಂಡು ಬಹಳ ಹೊತ್ತು ನೋಡಿದಳು. ಇಂಥದ್ದನ್ನು ಈಗ ಯಾರೂ ಮಾಡುವುದಿಲ್ಲ, ಇದು ನನ್ನ ಕಾಲದ್ದು ಎಂದಳು. ಕನ್ನಡಕ ತೆಗೆದು ಒರೆಸಿಕೊಂಡಳು.

ಹಲಗೆಯಲ್ಲಿ ಏಳಕ್ಕೂ ಜಾಗವಿರಲಿಲ್ಲ. ಅದಕ್ಕೆ ಏಳು ಬಣ್ಣದಿಂದಲೂ ಒಂದೊಂದು ಎಳೆ ಹರಿದು, ಹೊಸೆದು ಹುರಿ ಮಾಡಿ, ಹಲಗೆ ತೂಗುವ ಮೊಳೆಗೆ ಕಟ್ಟಿದೆ. ಯಜಮಾನಿ ಸೊಟ್ಟಗಿದೆ ಎಂದು ಎರಡು ಸಲ ಸರಿಮಾಡಿದಳು. ಮೂರು ವರ್ಷ ಕಾದೆಯಲ್ಲ, ಕೂಗು ಹೇಗಿತ್ತು ಎಂದು ಕೇಳಿದಳು. ಚೆನ್ನಾಗಿತ್ತು ಎಂದೆ. ಏನೇನು ಕೂಗಿದರು ಎಂದು ನೆನಪು ಮಾಡಿಕೊಳ್ಳಲು ನೋಡಿದೆ, ಒಂದೂ ನೆನಪಿಗೆ ಬರಲಿಲ್ಲ.

ಜನವರಿ 13, ಶುಕ್ರವಾರ

ಮೇಷ್ಟ್ರ ಹೆಸರು ಸೆಕಿಕಾವಾ. ನರ್ಸಿನ ಹೆಸರು ಇನ್ನೂ ಗೊತ್ತಾಗಿಲ್ಲ.

ಇವತ್ತು ತೋಫು ತಂದದ್ದು ಇಗರಾಶಿ-ಸಾನ್ ಅಲ್ಲ, ಅವರ ಹೆಂಡತಿ. ಎಂಟರಂದು ತಟ್ಟಿ ತಟ್ಟಿ ಅವರ ಎರಡೂ ಕೈ ಬಾತುಕೊಂಡು, ಬಕೆಟ್ ಹಿಡಿಯಲು ಆಗುತ್ತಿಲ್ಲವಂತೆ. ಭಾನುವಾರದ ಕುಸ್ತಿಗೆ ಬಂದೇ ಬರುತ್ತಾರಂತೆ, ಆದರೆ ಡಾಕ್ಟರು ತಟ್ಟಬೇಡಿ ಎಂದಿದ್ದಾರೆ, ಈ ಸಲ ಬರೀ ಕೂಗುತ್ತಾರಂತೆ.

ಕೇಳಿ ಯಾಕೋ ಬೇಜಾರಾಯಿತು.